ಮೊಟ್ಟೆ ಕಡಿಮೆ, ಚಿಪ್ಪು ವಿಚಿತ್ರ: ಕ್ಯಾಲ್ಸಿಯಂ ಡಬ್ಬಿ ತೆರೆಯುವ ಮುನ್ನ

ಹಿತ್ತಲ ಕೋಳಿಗಳು ಮೊಟ್ಟೆ ಕಡಿಮೆ ಮಾಡಿದರೆ, ಅಥವಾ ಗಟ್ಟಿ ಚಿಪ್ಪಿಲ್ಲದೆ ಮೆತ್ತಗಿರುವ ಒಂದೆರಡು ತೊಗಲು ಮೊಟ್ಟೆ ಕಂಡರೆ, ಮೊದಲು ಕೈ ಹೋಗುವುದು ಕ್ಯಾಲ್ಸಿಯಂ ಕಡೆಗೆ. ನಾವು ಅದನ್ನು ಬೇಕಂತಲೇ ಹಿಂದಕ್ಕಿಡುತ್ತೇವೆ. ಈ ತೊಂದರೆಯ ಬೆನ್ನು ಹತ್ತುವಾಗ ಮೊದಲು ಕೇಳಿಕೊಳ್ಳುವ ಪ್ರಶ್ನೆಗಳೇ ಬೇರೆ. ಮೊಟ್ಟೆ ನಿಜಕ್ಕೂ ಕಡಿಮೆಯಾಗಿದೆಯೇ? ಆಗಿದ್ದರೆ ಒಂದೆರಡು ಹೇಂಟೆಗಳದ್ದೋ, ಇಡೀ ಗುಂಪಿನದ್ದೋ? ಕೆಟ್ಟ ಮೊಟ್ಟೆ ಹೊಟ್ಟೆಯೊಳಗೆ ಯಾವ ಹೊತ್ತಿನಲ್ಲಿ ಕೆಟ್ಟಿತು? ಇಷ್ಟು ಗೊತ್ತಾದರೆ ಕಾರಣಗಳ ಉದ್ದ ಪಟ್ಟಿ ಮೂರು ನಾಲ್ಕಕ್ಕೆ ಇಳಿಯುತ್ತದೆ.

ಹೊರಗೆ ಓಡಾಡುವ ಕೋಳಿಗಳ ವಿಷಯದಲ್ಲಿ ಎಣಿಕೆಯನ್ನು ನಂಬುವ ಹಾಗಿಲ್ಲ. ಪೊದೆಯ ಬುಡದಲ್ಲೋ ಸೌದೆಯ ಸಂದಿಯಲ್ಲೋ ಕದ್ದು ಇಡುವ ಹೇಂಟೆಗಳು ಪ್ರತಿ ಗುಂಪಿನಲ್ಲೂ ಇರುತ್ತವೆ. ಹಾಗಾಗಿ ಮೂರು ನಾಲ್ಕು ದಿನ ಮಧ್ಯಾಹ್ನದವರೆಗೆ ಗೂಡಿನ ಬಾಗಿಲು ತೆಗೆಯಬಾರದು. ಲೆಕ್ಕ ಒಮ್ಮೆಲೇ ಏರಿದರೆ ತೊಂದರೆ ಕೋಳಿಯದ್ದಲ್ಲ, ನಮ್ಮ ಹುಡುಕಾಟದ್ದು. ಏರದಿದ್ದರೆ ಮೊಟ್ಟೆಪೆಟ್ಟಿಗೆಯ ಹುಲ್ಲನ್ನು ಕೈಯಲ್ಲಿ ಎತ್ತಿ ನೋಡಬೇಕು. ಹುಲ್ಲು ಹಳದಿ ಅಂಟಿಕೊಂಡು ಗಟ್ಟಿಯಾಗಿದ್ದರೆ, ಕೋಳಿಯ ಕೊಕ್ಕಿನ ಬುಡದಲ್ಲಿ ಒಣಗಿದ ಹಳದಿ ಕಂಡರೆ, ಅವೇ ತಿನ್ನುತ್ತಿವೆ. ಒಂದು ಚೂರೂ ಉಳಿಯದೆ ಮಾಯವಾದರೆ ಹಾವನ್ನೋ ಇಲಿಯನ್ನೋ ಅನುಮಾನಿಸಬೇಕು. ಬೆಳಿಗ್ಗೆ ಕೂರುಗೋಲಿನ ಕೆಳಗಿನ ಹಿಕ್ಕೆಯನ್ನು ಕಡ್ಡಿಯಲ್ಲಿ ಕೆದಕುವುದನ್ನೂ ಬಿಡಬಾರದು. ಚಿಪ್ಪಿಲ್ಲದ ಮೊಟ್ಟೆಗಳು ರಾತ್ರಿಯೇ ಕೂರುಗೋಲಿನಿಂದ ಕೆಳಗೆ ಬಿದ್ದುಬಿಡುತ್ತವೆ. ಬೆಳಗಾಗುವಷ್ಟರಲ್ಲಿ ಒಳಗಿನದು ತಿಂದು ಮುಗಿದಿರುತ್ತದೆ, ಉಳಿಯುವುದು ಒದ್ದೆ ಕಾಗದದಂಥ ಪೊರೆ ಮಾತ್ರ. ಮೊಟ್ಟೆ ಕಡಿಮೆ ಎಂದು ಕೊರಗುವ ಎಷ್ಟೋ ಗೂಡುಗಳಲ್ಲಿ ಅಸಲಿ ತೊಂದರೆ ಚಿಪ್ಪಿನದ್ದೇ ಎಂದು ಗೊತ್ತಾಗುವುದು ಈ ಪೊರೆಯಿಂದ.

ಮುಂದಿನ ಕೆಲಸ ಕತ್ತಲಾದ ಮೇಲೆ. ಕೂರುಗೋಲಿನ ಮೇಲಿರುವಾಗ ಒಂದೊಂದೇ ಹೇಂಟೆಯನ್ನು ಕೈಗೆತ್ತಿಕೊಂಡರೆ ಗಲಾಟೆಯಿಲ್ಲ. ಮೊಟ್ಟೆ ಇಡುತ್ತಿರುವ ಹೇಂಟೆಯ ಮೊಟ್ಟೆದ್ವಾರ ಅಗಲವಾಗಿ, ಒದ್ದೆಯಾಗಿ, ಬಿಳಚಿಕೊಂಡಿರುತ್ತದೆ. ನಿಲ್ಲಿಸಿದ್ದರದು ಸಣ್ಣದಾಗಿ, ಒಣಗಿ, ಸುಕ್ಕುಗಟ್ಟಿರುತ್ತದೆ. ಅದರ ಎರಡೂ ಪಕ್ಕಕ್ಕೆ ಚೂಪಾಗಿ ತಾಗುವ ಸೊಂಟದ ಮೂಳೆಗಳ ತುದಿಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಮೊಟ್ಟೆ ಇದೆ. ಒಂದೇ ಬೆರಳು ಹಿಡಿಸಿದರೆ ಇಲ್ಲ. ಹಳದಿ ಚರ್ಮದ ತಳಿಗಳಲ್ಲಿ ಇನ್ನೊಂದು ಅನುಕೂಲವಿದೆ. ಮೊಟ್ಟೆ ಇಡುತ್ತಾ ಹೋದಂತೆ ಮೈಯ ಹಳದಿ ಬಣ್ಣ ಮೊಟ್ಟೆಯ ಹಳದಿಗೆ ಹೋಗುತ್ತದೆ: ಮೊದಲು ಮೊಟ್ಟೆದ್ವಾರದ ಸುತ್ತ, ಆಮೇಲೆ ಕಣ್ಣಿನ ಅಂಚು, ಕೊಕ್ಕು, ಕಟ್ಟಕಡೆಗೆ ಕಾಲು. ನಿಲ್ಲಿಸಿದಾಗ ಅದೇ ಕ್ರಮದಲ್ಲಿ ಬಣ್ಣ ಮರಳುತ್ತದೆ. ಆದ್ದರಿಂದ ಕಾಲು ಬಿಳಚಿ, ಮೊಟ್ಟೆದ್ವಾರದ ಸುತ್ತ ಮಾತ್ರ ಹಳದಿ ಇರುವ ಹೇಂಟೆ ಬಹಳ ಕಾಲ ಇಟ್ಟು ಈಚೆಗಷ್ಟೇ ನಿಲ್ಲಿಸಿದೆ ಎಂದರ್ಥ.

ವಿಚಿತ್ರ ಚಿಪ್ಪು ಯಾರದೆಂದು ಹಿಡಿಯಲು ಇನ್ನೂ ಸುಲಭದ ದಾರಿಯಿದೆ. ಅನುಮಾನವಿರುವ ಹೇಂಟೆಯ ಮೊಟ್ಟೆದ್ವಾರದ ಒಳ ಅಂಚಿಗೆ ಅಡುಗೆಯ ಆಹಾರಬಣ್ಣವನ್ನು ಹತ್ತಿಯಲ್ಲಿ ತಾಗಿಸಿದರೆ ಮರುದಿನದ ಮೊಟ್ಟೆಯ ಮೇಲೆ ಗೀರು ಮೂಡಿರುತ್ತದೆ. ನಾಲ್ಕು ಹೇಂಟೆಗೆ ನಾಲ್ಕು ಬಣ್ಣ. ಇದನ್ನು ಮಾಡದೆ ಇಡೀ ಗುಂಪಿನ ಮೇವು ಬದಲಿಸುವವರ ಬಗ್ಗೆ ನಮಗೆ ತಕರಾರಿದೆ: ಒಂದೇ ಹೇಂಟೆ ವಾರಗಟ್ಟಲೆ ಒಂದೇ ಬಗೆಯ ಸುಕ್ಕುಮೊಟ್ಟೆ ಇಡುತ್ತಿದ್ದು ಉಳಿದವು ಸರಿಯಾಗಿದ್ದರೆ ಅದು ಆ ಹೇಂಟೆಯ ಮೊಟ್ಟೆನಾಳದ ದೋಷ. ಯಾವ ಮೇವಿನಿಂದಲೂ ಅದು ಹೋಗುವುದಿಲ್ಲ.

ಚಿಪ್ಪನ್ನು ಓದಲು ಮೊಟ್ಟೆ ತಯಾರಾಗುವ ಗಡಿಯಾರ ತಲೆಯಲ್ಲಿರಬೇಕು. ಮೊಟ್ಟೆಯ ಹಳದಿಯು ಅಂಡಾಶಯದಿಂದ ಕಳಚುವ ಮುಂಚಿನ 7ರಿಂದ 10 ದಿನ ವೇಗವಾಗಿ ಬೆಳೆಯುತ್ತದೆ. ಕಳಚಿದ ಮೇಲೆ ಮೊಟ್ಟೆನಾಳದ ಬಾಯಲ್ಲಿ ಕಾಲು ಗಂಟೆ, ಬಿಳಿ ಸುತ್ತಿಕೊಳ್ಳಲು ಸುಮಾರು 3 ಗಂಟೆ, ಪೊರೆಗಳಿಗೆ ಒಂದು ಗಂಟೆಯ ಮೇಲೆ, ಆಮೇಲೆ ಚಿಪ್ಪಿನ ಗ್ರಂಥಿಯಲ್ಲಿ 18ರಿಂದ 20 ಗಂಟೆ. ಒಟ್ಟು 24ರಿಂದ 26 ಗಂಟೆ. ಬೆಳಿಗ್ಗೆ ಎಂಟಕ್ಕೆ ಮೊಟ್ಟೆಯಿಟ್ಟ ಹೇಂಟೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಂದಿನ ಹಳದಿಯನ್ನು ಕಳಚುತ್ತದೆ, ಅದು ಮಧ್ಯಾಹ್ನದ ಹೊತ್ತಿಗೆ ಚಿಪ್ಪಿನ ಗ್ರಂಥಿಗೆ ಬರುತ್ತದೆ. ಚಿಪ್ಪು ಜೋರಾಗಿ ಕಟ್ಟುವುದು ಸಂಜೆಯಿಂದ ಬೆಳಗಿನ ಜಾವದವರೆಗೆ, ಅಂದರೆ ಕೋಳಿ ನಿದ್ದೆಯಲ್ಲಿರುವಾಗ. ಕಂದು ಮೊಟ್ಟೆಯ ಬಣ್ಣ ಬೀಳುವುದು ಕೊನೆಯ ಕೆಲವು ಗಂಟೆಗಳಲ್ಲಿ. ಈ ಸುತ್ತು 24 ಗಂಟೆಗಿಂತ ತುಸು ಹೆಚ್ಚಾದ್ದರಿಂದಲೇ ಮೊಟ್ಟೆ ದಿನವೂ ಸ್ವಲ್ಪ ತಡವಾಗುತ್ತಾ ಹೋಗಿ ಒಂದು ದಿನ ತಪ್ಪುತ್ತದೆ. ವಾರಕ್ಕೆ ಐದಾರು ಬಂದರೆ ಕೊರತೆಯೆಂದು ಎಣಿಸಬೇಕಿಲ್ಲ.

ಈಗ ಮೊಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿ. ನಡುಭಾಗದಲ್ಲಿ ಉಡಿದಾರ ಕಟ್ಟಿದಂತೆ ಉಬ್ಬಿದ ಗೆರೆ ಇದ್ದರೆ, ಚಿಪ್ಪು ಇನ್ನೂ ತೆಳುವಾಗಿದ್ದಾಗ ಒಳಗೇ ಬಿರುಕು ಬಿಟ್ಟು, ಅದರ ಮೇಲೆ ಮತ್ತೆ ಸುಣ್ಣ ಕೂತಿದೆ. ಅಂದರೆ ಸಂಜೆಯಿಂದ ನಡುರಾತ್ರಿಯೊಳಗೆ ಕೋಳಿ ಬೆದರಿದೆ ಅಥವಾ ಒತ್ತಿಸಿಕೊಂಡಿದೆ: ಕೂರುಗೋಲಿಗೆ ನೂಕಾಟ, ನಾಯಿ, ಬೆಕ್ಕು, ಹೊಸ ಕೋಳಿ ತಂದು ಬಿಟ್ಟದ್ದು. ಒಂದು ಮಗ್ಗುಲು ಚಪ್ಪಟೆಯಾಗಿದ್ದರೆ ಎರಡು ಮೊಟ್ಟೆಗಳು ಗ್ರಂಥಿಯಲ್ಲಿ ಒಟ್ಟಿಗೆ ಸಿಕ್ಕಿಕೊಂಡಿದ್ದವು. ಹೊಸದಾಗಿ ಶುರುಮಾಡಿದ ಎಳೆಯ ಹೇಂಟೆಗಳಲ್ಲಿ ಇದು ಮಾಮೂಲು. ಎರಡು ಹಳದಿ, ಹಳದಿಯೇ ಇಲ್ಲದ ಗೋಲಿ ಗಾತ್ರದ ಮೊಟ್ಟೆ, ಆಗೊಮ್ಮೆ ಈಗೊಮ್ಮೆ ತೊಗಲು ಮೊಟ್ಟೆ, ಇವೂ ಮೊದಲ ಕೆಲವು ವಾರ ಬಂದು ಹೋಗುವಂಥವು. ಕಂದು ಚಿಪ್ಪಿನ ಮೇಲೆ ಬೂದಿ ಎರಚಿದಂತೆ ಬಿಳಿ ಪುಡಿ ಇದ್ದರೆ ಮೊಟ್ಟೆ ಇಡುವ ಹೊತ್ತಿಗೆ ಹೆದರಿಕೆಯಾಗಿ ಹೇಂಟೆ ಅದನ್ನು ಕೆಲವು ಗಂಟೆ ತಡೆಹಿಡಿದಿದೆ, ಮೇಲೊಂದು ಪದರ ಸುಣ್ಣ ಹೆಚ್ಚಾಗಿ ಕೂತಿದೆ. ಮೊಟ್ಟೆಯೊಳಗೆ ಮೊಟ್ಟೆ ಸಿಕ್ಕರೆ ಅದು ಮೊಟ್ಟೆನಾಳದಲ್ಲಿ ಹಿಮ್ಮುಖವಾಗಿ ಹೋಗಿ ಮತ್ತೆ ಬಂದದ್ದು, ಗಾಬರಿ ಬೇಡ. ಚಿಪ್ಪಿನ ಮೇಲಿನ ಒರಟು ಮೊಡವೆಗಳು ಒಂದೆರಡಿದ್ದರೆ ಉಗುರಿನಲ್ಲಿ ಕೆರೆದು ಬಿಡಿ.

ಗಾಬರಿ ಪಡಬೇಕಾದ್ದು ಒಂದೇ ವಾರದಲ್ಲಿ ಹಲವು ಹೇಂಟೆಗಳ ಮೊಟ್ಟೆ ಒಂದೇ ಬಗೆಯಲ್ಲಿ ಕೆಟ್ಟಾಗ. ಆಗ ಚಿಪ್ಪು ತೆಳುವಾಗುತ್ತಿದೆಯೇ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳದೆ ಅಳೆಯುವುದೇ ವಾಸಿ. ಅದಕ್ಕೆ ಬೇಕಾದ್ದು ಉಪ್ಪು, ತಕ್ಕಡಿ, ಮೂರು ಪಾತ್ರೆ. ಒಂದೊಂದಕ್ಕೂ ಒಂದು ಲೀಟರ್ ನೀರು. ಮೊದಲನೆಯದಕ್ಕೆ 110 ಗ್ರಾಂ ಉಪ್ಪು, ಎರಡನೆಯದಕ್ಕೆ 125, ಮೂರನೆಯದಕ್ಕೆ 145. ಪೂರ್ತಿ ಕರಗಿಸಿದರೆ ಸಾಂದ್ರತೆ ಸುಮಾರು 1.070, 1.080, 1.090 ಆಗುತ್ತದೆ. ಅಂದಿನ ಮೊಟ್ಟೆಯೇ ಬೇಕು, ಏಕೆಂದರೆ ದಿನ ಕಳೆದಂತೆ ಒಳಗಿನ ಗಾಳಿಗುಳ್ಳೆ ದೊಡ್ಡದಾಗಿ ಹಳೆಯ ಮೊಟ್ಟೆ ಸುಮ್ಮನೆ ತೇಲುತ್ತದೆ. ಬಿರುಕು ಬಿಟ್ಟದ್ದು ಬೇಡ, ನೀರು ಮತ್ತು ಮೊಟ್ಟೆ ಎರಡೂ ಕೋಣೆಯ ತಾಪದಲ್ಲಿರಲಿ. ಕಡಿಮೆ ಉಪ್ಪಿನ ಪಾತ್ರೆಯಿಂದ ಶುರುಮಾಡಿ, ಮುಳುಗಿದ್ದನ್ನು ಒರೆಸಿ ಮುಂದಿನದಕ್ಕೆ ಹಾಕುತ್ತಾ ಹೋಗಬೇಕು. 125 ಗ್ರಾಂ ಉಪ್ಪಿನ ನೀರಿನಲ್ಲಿ ಮುಳುಗಿದರೆ ಚಿಪ್ಪು ಸಾಕಷ್ಟು ದಪ್ಪ. ಅದರಲ್ಲಿ ತೇಲಿದರೆ ತೆಳು, 110ರಲ್ಲೇ ತೇಲಿದರೆ ಗೂಡಿನಲ್ಲೇ ಒಡೆಯುವಷ್ಟು ತೆಳು. ಮೊಟ್ಟೆಯ ಬೇರೆ ಭಾಗಗಳ ತೂಕ ಹೆಚ್ಚು ಬದಲಾಗದು, ಸಾಂದ್ರತೆಯನ್ನು ಏರಿಸಿ ಇಳಿಸುವುದು ಚಿಪ್ಪಿನ ಪಾಲೇ. ನೆಚ್ಚಿಕೆ ಸಾಲದಿದ್ದರೆ ಒಡೆದ ಚಿಪ್ಪಿನ ಒಳಗಿನ ಬಿಳಿಯನ್ನು ತೊಳೆದು, ಪೊರೆ ಕೀಳದೆ ಒಣಗಿಸಿ ತೂಗಿ. 60 ಗ್ರಾಂ ಮೊಟ್ಟೆಗೆ ಐದೂವರೆಯಿಂದ ಆರು ಗ್ರಾಂ ಚಿಪ್ಪಿರಬೇಕು. ವಯಸ್ಸಾದ ಹೇಂಟೆಯ ಮೊಟ್ಟೆ ದೊಡ್ಡದಾಗುತ್ತದೆ, ಚಿಪ್ಪಿನ ಸುಣ್ಣ ಅಷ್ಟೇ ಇರುತ್ತದೆ. ಅಲ್ಲಿ ತುಸು ತೆಳುವಾಗುವುದು ಸಹಜ.

ಗುಂಪಿನ ಚಿಪ್ಪೇ ತೆಳುವೆಂದು ಖಚಿತವಾದ ಮೇಲೆ ಮೇವಿನ ಲೆಕ್ಕ. ಇಲ್ಲಿ ತಪ್ಪುವುದು ಬಹುಪಾಲು ಪ್ರೀತಿಯಿಂದ. ಒಂದು ಚಿಪ್ಪಿನಲ್ಲಿ ಸುಮಾರು 2.2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹೇಂಟೆ ದಿನಕ್ಕೆ ತಿನ್ನುವುದು 110 ಗ್ರಾಂ. ಮೊಟ್ಟೆ ಇಡುವ ಹೇಂಟೆಗಳಿಗೆಂದೇ ಮಾಡಿದ ಸಿದ್ಧ ಮೇವಾದ ಲೇಯರ್ ಫೀಡ್‌ನಲ್ಲಿ ಕ್ಯಾಲ್ಸಿಯಂ ಶೇ. 4ರಷ್ಟಿದ್ದರೆ ಹೊಟ್ಟೆಗೆ ಹೋಗುವುದು 4.4 ಗ್ರಾಂ, ಮೈಗೆ ಹತ್ತುವುದು ಹೆಚ್ಚುಕಡಿಮೆ ಅದರ ಅರ್ಧ. ಲೆಕ್ಕ ಸರಿಹೋಯಿತು. ಈಗ ಆ 110ರಲ್ಲಿ 30 ಗ್ರಾಂ ಜಾಗವನ್ನು ಕಾಳು, ಅನ್ನ, ಮುಸುರೆ ತುಂಬಿತು ಎನ್ನಿ. ಅವುಗಳಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. 80 ಗ್ರಾಂ ಫೀಡ್‌ನಿಂದ ಬರುವುದು 3.2 ಗ್ರಾಂ, ಮೈಗೆ ಹತ್ತುವುದು 1.6. ಕೊರತೆಯನ್ನು ಹೇಂಟೆ ತನ್ನ ಮೂಳೆಯಿಂದ ತುಂಬುತ್ತದೆ, ಅದು ಬತ್ತುತ್ತಾ ಬಂದಂತೆ ಚಿಪ್ಪು ತೆಳುವಾಗುತ್ತದೆ, ಆಮೇಲೆ ಮೊಟ್ಟೆಯೇ ನಿಲ್ಲುತ್ತದೆ. ಪ್ರೋಟೀನಿನ ಕಥೆಯೂ ಇದೇ: ಶೇ. 16ರಿಂದ 18 ಇರಬೇಕಾದ್ದನ್ನು ಕಾಳಿನ ಶೇ. 9 ಕೆಳಕ್ಕೆ ಎಳೆಯುತ್ತದೆ. ತಿಂಡಿ ಮೇವಿನ ಹತ್ತನೇ ಒಂದು ಪಾಲು ಮೀರಬಾರದು, ಅದೂ ಸಂಜೆ, ಫೀಡ್ ತಿಂದ ಮೇಲೆ. ಚೀಲದ ಮೇಲಿನ ಬರಹವನ್ನೂ ಓದಿ. ಮೊಟ್ಟೆ ಶುರುವಾದ ಮೇಲೂ ಬೆಳೆಯುವ ಕೋಳಿಗಳ ಗ್ರೋವರ್ ಫೀಡನ್ನೇ ಹಾಕುತ್ತಿರುವುದು ನಾವು ಕಾಣುವ ಅತಿ ಸಾಮಾನ್ಯ ಕಾರಣಗಳಲ್ಲೊಂದು. ಅದರಲ್ಲಿ ಕ್ಯಾಲ್ಸಿಯಂ ಶೇ. 1ರ ಆಸುಪಾಸು.

ಡಬ್ಬಿ ತೆರೆಯುವುದು ಈಗ. ಆದರೆ ಪುಡಿಯಲ್ಲ. ಸಮುದ್ರದ ಸಿಂಪಿ ಚಿಪ್ಪು ಅಥವಾ ಸುಣ್ಣಕಲ್ಲಿನ 2ರಿಂದ 5 ಮಿಲಿಮೀಟರ್ ಹರಳುಗಳು ಬೇಕು. ನುಣ್ಣನೆಯ ಪುಡಿ ಕೆಲವೇ ಗಂಟೆಗಳಲ್ಲಿ ಕರುಳು ದಾಟಿ ಹೋಗುತ್ತದೆ. ಹರಳು ಮೇವು ಅರೆಯುವ ಹೊಟ್ಟೆಯಾದ ಗಿಜರ್ಡ್‌ನಲ್ಲಿ ಕೂತು ರಾತ್ರಿಯಿಡೀ ಸ್ವಲ್ಪಸ್ವಲ್ಪವೇ ಕರಗುತ್ತದೆ, ಚಿಪ್ಪು ಕಟ್ಟುವುದೂ ಆಗಲೇ. ಅದನ್ನು ಫೀಡ್‌ಗೆ ಬೆರೆಸದೆ ಬೇರೆ ಬಟ್ಟಲಿನಲ್ಲಿ ಮಧ್ಯಾಹ್ನದ ಮೇಲೆ ಇಡಿ. ಬೇಕಾದ ಹೇಂಟೆ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ. ಬೆರೆಸಿದರೆ ಹುಂಜವೂ ಎಳೆಯ ಹೇಂಟೆಗಳೂ ತಿನ್ನಬೇಕಾಗುತ್ತದೆ, ಬೆಳೆಯುವ ಕೋಳಿಯ ಮೂತ್ರಪಿಂಡಕ್ಕೆ ಅತಿ ಕ್ಯಾಲ್ಸಿಯಂ ಕೆಡುಕು. ಗೋಡೆಗೆ ಬಳಿಯುವ ಸುಣ್ಣ ಎಂದಿಗೂ ಸಲ್ಲದು, ಅದು ಬಾಯಿ ಹೊಟ್ಟೆ ಸುಡುತ್ತದೆ. ಡೋಲಮೈಟ್ ಕೂಡ ಬೇಡ, ಅದರ ಮೆಗ್ನೀಸಿಯಂ ಚಿಪ್ಪನ್ನು ಇನ್ನಷ್ಟು ಕೆಡಿಸುತ್ತದೆ. ಮೊಟ್ಟೆಯ ಚಿಪ್ಪನ್ನೇ ಮರಳಿ ಹಾಕುವವರು ಕಾಯಿಸಿ ಒಣಗಿಸಿ, ಮೊಟ್ಟೆಯ ಆಕಾರ ಗುರುತು ಸಿಗದಷ್ಟು ಚೂರು ಮಾಡಿ ಹಾಕಲಿ. ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ಚಿಪ್ಪು ದಪ್ಪವಾಗದಿದ್ದರೆ ಕ್ಯಾಲ್ಸಿಯಂ ಕೊರತೆ ಕಾರಣವಲ್ಲ. ಇನ್ನಷ್ಟು ಸುರಿಯುವುದರಲ್ಲಿ ಅರ್ಥವಿಲ್ಲ. ಬಿಸಿಲೇ ಬೀಳದ ಗೂಡಿನಲ್ಲಿ ಫೀಡ್ ಹಳೆಯದಾಗಿ ವಿಟಮಿನ್ ಡಿ3 ಕ್ಷೀಣಿಸಿದ್ದರೆ ಹಾಕಿದ ಕ್ಯಾಲ್ಸಿಯಂ ಮೈಗೆ ಹತ್ತುವುದೇ ಇಲ್ಲ. ತಯಾರಾಗಿ ನಾಲ್ಕರಿಂದ ಆರು ವಾರದೊಳಗೆ ಮುಗಿಯುವಷ್ಟೇ ಫೀಡ್ ತರಬೇಕು. ಬೂಷ್ಟು ವಾಸನೆ ಬಂದ ಚೀಲವನ್ನು ಒಣಗಿಸಿ ಹಾಕುವ ಉಳಿತಾಯ ಬೇಡ, ಬೂಷ್ಟಿನ ವಿಷ ಒಣಗಿದರೂ ಹೋಗುವುದಿಲ್ಲ.

ನೀರು ಎಲ್ಲರೂ ಮರೆಯುವ ಮೇವು. ಮೊಟ್ಟೆಯ ಮೂರರಲ್ಲಿ ಎರಡು ಪಾಲು ನೀರೇ. ಹೇಂಟೆಗೆ ದಿನಕ್ಕೆ ಕಾಲು ಲೀಟರ್, ಸೆಕೆಯಲ್ಲಿ ಅದರ ಎರಡರಷ್ಟು ಬೇಕು. ಒಂದು ಹಗಲು ಪಾತ್ರೆ ಬರಿದಾದರೆ ಮೊಟ್ಟೆಗೆ ಬೀಳುವ ಪೆಟ್ಟು ಹಲವು ದಿನ ಉಳಿಯುತ್ತದೆ. ಉಪ್ಪಿನಂಶದ ಕೊಳವೆಬಾವಿ ನೀರು ಚಿಪ್ಪನ್ನು ತೆಳುಮಾಡುತ್ತದೆ, ಕೋಳಿಯಲ್ಲಿ ಬೇರೆ ಯಾವ ಲಕ್ಷಣವೂ ಕಾಣದೆ. ಕೆಲವು ವಾರ ಮಳೆನೀರು ಅಥವಾ ಸಿಹಿನೀರು ಕೊಟ್ಟು ನೋಡುವುದೇ ಪರೀಕ್ಷೆ. ನೀರಿಗೆ ವಿನೆಗರ್ ಬೆರೆಸುವ ಸಲಹೆಯಿಂದ ಚಿಪ್ಪಿಗೆ ಲಾಭವಾದದ್ದನ್ನು ನಾವು ಕಂಡಿಲ್ಲ. ಸತು ಲೇಪಿಸಿದ ಪಾತ್ರೆಯಾದರೆ ಹುಳಿಗೆ ಸತು ಕರಗುತ್ತದೆ, ನಷ್ಟವೇ. ತಾಪ 30 ಡಿಗ್ರಿ ದಾಟಿ ಕೋಳಿ ಬಾಯಿ ತೆರೆದು ಏದುವಾಗ ಇಂಗಾಲದ ಡೈಆಕ್ಸೈಡ್ ಮೈಯಿಂದ ಹೆಚ್ಚು ಹೋಗುತ್ತದೆ, ಚಿಪ್ಪಿನ ಕಾರ್ಬೊನೇಟಿಗೆ ಬೇಕಾದ ಸಾಮಗ್ರಿಯೇ ರಕ್ತದಲ್ಲಿ ಕಡಿಮೆಯಾಗುತ್ತದೆ. ಜೊತೆಗೆ ಮೇವೂ ತಿನ್ನದು. ಸೆಕೆಗಾಲದ ತೆಳು ಚಿಪ್ಪಿಗೆ ಮದ್ದು ನೆರಳು, ತಣ್ಣೀರು, ಮತ್ತು ಫೀಡನ್ನು ನಸುಕು ಹಾಗೂ ಇಳಿಹೊತ್ತಿನಲ್ಲಿ ಕೊಡುವುದು.

ಚಿಪ್ಪು ಚೆನ್ನಾಗಿದ್ದು ಸಂಖ್ಯೆ ಮಾತ್ರ ಇಳಿದಿದ್ದರೆ ದಾರಿ ಬೇರೆ. ಹಗಲು ಕಿರಿದಾಗುವ ಕಾಲವೇ? ಗರಿ ಉದುರುತ್ತಿದೆಯೇ? ಹೌದಾದರೆ ಎರಡರಿಂದ ಮೂರು ತಿಂಗಳು ವಿಶ್ರಾಂತಿ, ಪ್ರೋಟೀನ್ ಚೆನ್ನಾಗಿರಲಿ, ಅಷ್ಟೇ. ದೀಪ ಹಾಕುವುದಾದರೆ ಹಗಲೂ ದೀಪವೂ ಸೇರಿ 14ರಿಂದ 16 ಗಂಟೆ ಸಾಕು. ಬೆಳಗಿನ ಜಾವಕ್ಕೆ ಸೇರಿಸಿ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ, ಟೈಮರ್ ಇಟ್ಟು. ಸಂಜೆ ದೀಪ ಥಟ್ಟನೆ ಆರಿದರೆ ಕೋಳಿಗಳು ಕೂರುಗೋಲು ಸಿಗದೆ ಕತ್ತಲಲ್ಲಿ ಉಳಿಯುತ್ತವೆ. ಕಾವು ಕೂತ ಹೇಂಟೆಯೂ ಅದು ಬಿಡುವವರೆಗೆ ಇಡದು.

ಇಳಿಕೆಗೆ ಕಾರಣ ಸಿಗದೆ ಜುಟ್ಟು ಬಿಳಚಿಕೊಂಡಿದ್ದರೆ ರಾತ್ರಿ ಟಾರ್ಚ್ ಹಿಡಿದು ಗೂಡಿಗೆ ಹೋಗಿ. ಬಿಳಿ ಕಾಗದವನ್ನು ಕೂರುಗೋಲಿನ ಅಡಿಗೆ, ಅದು ಗೋಡೆಗೆ ಸೇರುವ ಸಂದಿಗೆ ಉಜ್ಜಿ. ಕೆಂಪು ಗೀರು ಮೂಡಿದರೆ ರಕ್ತ ಕುಡಿದ ಕೆಂಪು ನುಸಿ. ಹಗಲಲ್ಲಿ ಕೋಳಿಯ ಮೈಮೇಲೆ ಎಷ್ಟು ಹುಡುಕಿದರೂ ಇದು ಸಿಗದು, ಏಕೆಂದರೆ ಹಗಲೆಲ್ಲ ಮರದ ಸಂದಿಯಲ್ಲಿರುತ್ತದೆ. ಸೆಕೆಯಲ್ಲಿ ಅದರ ಸಂತಾನ ಒಂದು ವಾರದಲ್ಲೇ ಒಂದು ಸುತ್ತು ಮುಗಿಸುವುದರಿಂದ ಒಂದೇ ಸಲದ ಮದ್ದಿನಿಂದ ಹೋಗುವುದಿಲ್ಲ. ವಾರ ಬಿಟ್ಟು ಮತ್ತೆ ಮತ್ತೆ ಸಂದಿಗಳಿಗೇ ಹೊಡೆಯಬೇಕು. ಗೂಡನ್ನು ತಿಂಗಳುಗಟ್ಟಲೆ ಖಾಲಿ ಬಿಟ್ಟರೂ ಉಪವಾಸವಿದ್ದು ಬದುಕಿರುತ್ತದೆ. ಹೇನಾದರೆ ಮೊಟ್ಟೆದ್ವಾರದ ಬಳಿ ಗರಿಯ ಬುಡದಲ್ಲಿ ಬಿಳಿ ಗುಂಪುಗಳಾಗಿ ಅಂಟಿಕೊಂಡ ಮೊಟ್ಟೆಗಳೇ ಸಾಕ್ಷಿ. ಜಂತುಹುಳುವಿಗೆ ಕಣ್ಣಂದಾಜು ಬೇಡ, ಪಶುವೈದ್ಯರಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸಿಯೇ ಮದ್ದು ಹಾಕಿ, ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಅಲ್ಲೇ ಕೇಳಿಕೊಳ್ಳಿ.

ಉಳಿದದ್ದು ರೋಗ. ಕೆಮ್ಮು, ಗೊರಗೊರ ಸದ್ದಿನ ಜೊತೆಗೆ ಇಡೀ ಗುಂಪಿನ ಮೊಟ್ಟೆ ಇಳಿದು, ಚಿಪ್ಪು ಸುಕ್ಕುಗಟ್ಟಿ ಬಿಳಚಿ, ತಟ್ಟೆಗೆ ಒಡೆದಾಗ ಒಳಗಿನ ಬಿಳಿಭಾಗ ನೀರಿನಂತೆ ಹರಡಿದರೆ ಸಾಂಕ್ರಾಮಿಕ ಬ್ರಾಂಕೈಟಿಸ್ ಎಂಬ ವೈರಸ್ ರೋಗ ಇರಬಹುದು. ಕೋಳಿ ಗೆಲುವಾಗಿಯೇ ಇದ್ದು ಮೊದಲು ಬಣ್ಣ ಹೋಗಿ, ಹಿಂದೆಯೇ ತೆಳು ಮೊಟ್ಟೆ, ತೊಗಲು ಮೊಟ್ಟೆ ಶುರುವಾದರೆ ಎಗ್ ಡ್ರಾಪ್ ಸಿಂಡ್ರೋಮ್. ಅದರ ವೈರಸ್ ಬಾತುಕೋಳಿಗಳಿಂದ ಬಂದದ್ದು, ಬಾತುಕೋಳಿ ಮತ್ತು ಕೋಳಿಗೆ ಒಂದೇ ನೀರು ಇದ್ದರೆ ವೈದ್ಯರಿಗೆ ಹೇಳಲೇಬೇಕು. ಮೊಟ್ಟೆಯ ಚೂಪು ತುದಿ ಮಾತ್ರ ಗಾಜಿನಂತೆ ಪಾರದರ್ಶಕವಾಗಿ, ಅಲ್ಲಿಂದ ಎರಡು ಸೆಂಟಿಮೀಟರ್ ಕೆಳಗೆ ಗೆರೆ ಕೊರೆದಂತೆ ಸರಿಯಾದ ಚಿಪ್ಪು ಶುರುವಾದರೆ ಮೈಕೋಪ್ಲಾಸ್ಮಾ ಸೈನೋವಿಯೆ ಎಂಬ ಬ್ಯಾಕ್ಟೀರಿಯಾದ ಗುರುತು. ಮೊದಲೆರಡು ವೈರಸ್‌ಗಳಿಗೆ ಆ್ಯಂಟಿಬಯೋಟಿಕ್ ಕೆಲಸ ಮಾಡದು. ಕತ್ತು ತಿರುಚಿಕೊಂಡು ಹಸಿರು ಹಿಕ್ಕೆ ಹಾಕುವುದು, ಒಂದರ ಹಿಂದೊಂದು ಸಾಯುವುದು ಕಂಡರೆ ಚಿಪ್ಪಿನ ವಿಚಾರ ಬಿಟ್ಟು ಅಂದೇ ಪಶುವೈದ್ಯ ಇಲಾಖೆಗೆ ತಿಳಿಸಬೇಕು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಉಳಿದವನ್ನು ಬೇರೆಡೆ ಸಾಗಿಸಬಾರದು.

ಒಂದೇ ಹೇಂಟೆ ಬಾಲ ಇಳಿಬಿಟ್ಟು, ನೆಟ್ಟಗೆ ನಿಂತು ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿದೆ. ಕೈಗೆ ಹಿತವಾಗಿ ಬಿಸಿಯಿರುವ, 38ರಿಂದ 40 ಡಿಗ್ರಿ ನೀರಿನಲ್ಲಿ ಹೊಟ್ಟೆ ಮುಳುಗುವಂತೆ ಕಾಲು ಗಂಟೆ ಕೂರಿಸಿ, ಮೊಟ್ಟೆದ್ವಾರದ ಅಂಚಿಗೆ ಜಾರುವ ಜೆಲ್ ಹಚ್ಚಿ, ಒರೆಸಿ, ಬೆಚ್ಚನೆಯ ಕತ್ತಲು ಪೆಟ್ಟಿಗೆಯಲ್ಲಿ ಬಿಡಬೇಕು. ಹೊಟ್ಟೆ ಹಿಸುಕುವುದು, ಒಳಗೇ ಮೊಟ್ಟೆ ಒಡೆಯುವುದು ಬೇಡವೇ ಬೇಡ. ಚಿಪ್ಪಿನ ಚೂರು ಮೊಟ್ಟೆನಾಳ ಕೊಯ್ದರೆ ಹೇಂಟೆ ಸೋಂಕಿನಿಂದ ಸಾಯುತ್ತದೆ. ಕೆಲವು ಗಂಟೆಗಳಲ್ಲಿ ಮೊಟ್ಟೆ ಬರದಿದ್ದರೆ ವೈದ್ಯರ ಬಳಿ ಒಯ್ಯಿರಿ. ಹೇಂಟೆಯ ಜೊತೆಗೆ ಹಿಂದಿನ ಕೆಲವು ದಿನಗಳ ವಿಚಿತ್ರ ಮೊಟ್ಟೆಗಳನ್ನು ತಾರೀಕು ಬರೆದು, ಫೀಡ್ ಚೀಲದ ಲೇಬಲ್ಲನ್ನೂ ಹರಿದುಕೊಂಡು ಹೋದರೆ ವೈದ್ಯರ ಅರ್ಧ ಪ್ರಶ್ನೆಗಳಿಗೆ ಉತ್ತರ ಕೈಯಲ್ಲೇ ಇರುತ್ತದೆ.